ಪೀಪಿಗೆ ಕೂಡಿದ ಪೆಟ್ಟಿಗೆ

ನಮ್ಮಪ್ಪ ಅವ್ವ ಒಂದೇ ಸೂರಿನಡಿ ನಲವತ್ತು ವರ್ಷಕ್ಕೂ ಮೇಲೆ ಒಬ್ಬರಿಗೊಬ್ಬರು ನೇರವಾಗಿ ಒಂದು ಮಾತೂ ಆಡದೆ ಬಾಳಿದರು ಎಂದರೆ ಕೇಳಿದವರು ನಂಬುವುದಿಲ್ಲ. ನಂಬದಿದ್ದರೆ ಬಿಡಲಿ. ಜಗಳವಾಡಿ ಬೇರೆಯಾದವರ ಹಾಗೆ ಅವರೇನೂ ಎರಡು ಒಲೆ ಹೂಡಲಿಲ್ಲ. ಅವ್ವ ಕಟ್ಟಿದ ಮುದ್ದೆಯನ್ನೇ ಅಪ್ಪ ಉಂಡ, ಅಪ್ಪ ತಂದ ಸೊಪ್ಪನ್ನೇ ಅವ್ವ ಸೋಸಿದಳು. ಅವನಿಗೆ ಮೈ ಬಿಸಿಯಾದರೆ ಅವಳು ಕಷಾಯ ಕಾಯಿಸಿದಳು, ಅವಳ ಕಾಲಿಗೆ ಮುಳ್ಳು ಹೊಕ್ಕರೆ ಅವನೇ ಕೂತು ಪಿನ್ನಿನಿಂದ ಬಿಡಿಸಿ ತೆಗೆದ. ಮಾತು ಮಾತ್ರ ಇಲ್ಲ. ಅವರಿಬ್ಬರ ನಡುವೆ ಮಾತು ಸಾಗಿಸಲು ಇದ್ದವಳು ನಾನೊಬ್ಬಳು. "ನಿಮ್ಮಪ್ಪಂಗೆ ಯೋಳು" ಎಂದು ಅವ್ವ ಶುರು ಮಾಡುವಳು, "ನಿಮ್ಮವ್ವಂಗೆ ಯೋಳು" ಎಂದು ಅಪ್ಪ. ಇಬ್ಬರೂ ಎರಡು ಮಾರು ದೂರದಲ್ಲೇ ಕೂತಿರುತ್ತಿದ್ದರು. ಅವಳು ಹೇಳಿದ್ದು ಅವನ ಕಿವಿಗೆ ಬಿದ್ದೇ ಇರುತ್ತಿತ್ತು. ಆದರೂ ನಾನು ಎದ್ದು ಅವನ ಹತ್ತಿರ ಹೋಗಿ, ಅದೇ ಮಾತನ್ನು ನನ್ನ ಬಾಯಲ್ಲಿ ಹೇಳುವ ತನಕ ಅವನು ತಲೆ ಎತ್ತುತ್ತಿರಲಿಲ್ಲ. ನಾನು ಹೇಳದ ಮಾತು ಆ ಮನೆಯಲ್ಲಿ ಲೆಕ್ಕಕ್ಕೆ ಬರುತ್ತಿರಲಿಲ್ಲ.

ಮನೆ ಇದ್ದದ್ದು, ಈಗಲೂ ಇರುವುದು, ನಾಗಮಂಗಲದ ಆಚಾರರ ಬೀದಿಯಲ್ಲಿ. ಮುಂದೆ ಅಪ್ಪನ ಕೆಲಸದ ಚಾವಡಿ, ನಡುವೆ ನಡುಮನೆ, ಹಿಂದೆ ಅಡುಗೆಮನೆ. ಮೂರೂ ಒಂದರ ಹಿಂದೆ ಒಂದು, ರೈಲಿನ ಡಬ್ಬಿಗಳಂತೆ. ಚಾವಡಿಯಲ್ಲಿ ಉಳಿ, ಬಾಚಿ, ಗರಗಸಗಳು ಗೋಡೆಯ ಮೊಳೆಗಳಿಗೆ ಸಾಲಾಗಿ ನೇತಾಡುತ್ತಿದ್ದವು. ಯಾವ ಮೊಳೆಗೆ ಯಾವ ಸಾಮಾನು ಎಂಬುದು ಅಪ್ಪನಿಗೆ ಕಣ್ಣು ಮುಚ್ಚಿದರೂ ಗೊತ್ತು. ಬಾಗಿಲು, ನೊಗ, ನೇಗಿಲು ಅವನ ಹೊಟ್ಟೆಪಾಡು. ಆದರೆ ಅವನ ಹೆಸರು ನಡೆಯುತ್ತಿದ್ದದ್ದು ಹಾರ್ಮೋನಿಯಂ ರಿಪೇರಿಯಲ್ಲಿ. ನಮ್ಮ ಕಡೆ ಹಾರ್ಮೋನಿಯಂ ಅನ್ನುವವರು ಕಡಿಮೆ, ಪೆಟ್ಟಿಗೆ ಅನ್ನುತ್ತಾರೆ. ನಾಗಮಂಗಲ, ಕೆ.ಆರ್. ಪೇಟೆ, ಪಾಂಡವಪುರದ ಹಳ್ಳಿಗಳಲ್ಲಿ ನಾಟಕ ಕಲಿಯುವವರ ಪೆಟ್ಟಿಗೆ ಕೆಟ್ಟರೆ, ಭಜನೆಯವರ ಪೆಟ್ಟಿಗೆ ಬಾಯಿ ಬಿಡದಿದ್ದರೆ, "ಪೆಟ್ಗೆ ಆಚಾರಿ ಮನೆ ಯಾವ್ದು?" ಎಂದು ಕೇಳಿಕೊಂಡು ನಮ್ಮ ಬೀದಿಗೆ ಬರುತ್ತಿದ್ದರು. ಅಪ್ಪನಿಗೆ ತನ್ನದೇ ಒಂದು ಪೆಟ್ಟಿಗೆ ಇತ್ತು. ಹಳೆಯದು, ಒಂದು ಕೈಯಲ್ಲಿ ಹಿಂದಿನ ತಿದಿ ಒತ್ತುತ್ತ ಇನ್ನೊಂದು ಕೈಯಲ್ಲಿ ಬಿಳಿ ಕರಿ ಪಟ್ಟಿಗಳನ್ನು, ನಮ್ಮ ಮಾತಿನಲ್ಲಿ ಮನೆಗಳನ್ನು, ಒತ್ತಿ ನುಡಿಸುವಂಥದು. ಬೇರೆಯವರ ಪೆಟ್ಟಿಗೆಯ ಶ್ರುತಿ ಕೂಡಿಸುವಾಗ ಅವನು ಇದರ ಮನೆ ಒತ್ತಿ, ಅದರ ಮನೆ ಒತ್ತಿ, ಕಿವಿ ಓರೆ ಮಾಡಿ ಕೇಳುತ್ತಿದ್ದ. ಸುತ್ತಲ ನಾಲ್ಕು ತಾಲ್ಲೂಕಿನ ಪೆಟ್ಟಿಗೆಗಳಿಗೆ ಈ ಪೆಟ್ಟಿಗೆಯೇ ಅಳತೆಗೋಲು. ಅದನ್ನು ನಮಗೆ ಮಕ್ಕಳಿಗೆ ಮುಟ್ಟಲು ಬಿಡುತ್ತಿರಲಿಲ್ಲ. ನಮಗೆ ಎಂದೆ, ಆಗ ನಾವು ಇಬ್ಬರು. ನನ್ನ ಅಕ್ಕ ರತ್ನಿ, ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು.

ಪೆಟ್ಟಿಗೆ ಮುಟ್ಟಬೇಡ ಎಂದದ್ದಕ್ಕೆ ರತ್ನಿ ಅತ್ತು ಮುನಿದು ಎರಡು ಹೊತ್ತು ಉಣ್ಣದೆ ಕೂತಳು. ಅಪ್ಪನಿಗೆ ಅವಳೆಂದರೆ ಪ್ರಾಣ. ಅವಳಿಗಾಗಿ ಅವನು ಒಂದು ಬಿಸ್ಕತ್ ಡಬ್ಬದ ತಗಡು ಕತ್ತರಿಸಿ, ಬಣ್ಣದ ಮಗ್ಗುಲು ಒಳಗೆ ಬರುವಂತೆ ಸುತ್ತಿ, ಬೆಸೆದು, ಆರು ತೂತು ಕೊರೆದು, ತುದಿಗೆ ಆಲೆಮರದ ಬಾಯಿ ಕೂರಿಸಿ ಒಂದು ಪೀಪಿ ಮಾಡಿಕೊಟ್ಟ. ಜಾತ್ರೆಯಲ್ಲಿ ಮಾರುವ ಕಿರಿಚುವ ಪೀಪಿಯಲ್ಲ ಅದು, ಸ್ವರ ನುಡಿಯುವ ಪೀಪಿ. ಬೆಳಕಿಗೆ ಹಿಡಿದು ಒಂದು ಕಣ್ಣಲ್ಲಿ ಒಳಗೆ ನೋಡಿದರೆ ಡಬ್ಬದ ಮೇಲಿದ್ದ ಗಿಳಿಯ ಹಸಿರು ರೆಕ್ಕೆ ಕಾಣುತ್ತಿತ್ತು. ನನಗೆ ಆಗ ಮುಂದಿನ ಎರಡು ಹಲ್ಲು ಬಿದ್ದಿದ್ದವು. ನಾನು ಊದಿದರೆ ಬರೀ ಗಾಳಿ. ಅಕ್ಕ ಕಸಿದುಕೊಂಡು "ಬೊಚ್ಚು ಬಾಯೋಳಿಗ್ಯಾಕೆ ಪೀಪಿ" ಎಂದು ನಕ್ಕಳು. ಅವಳು ಇಲ್ಲದೇ ಹೋಗಿದ್ದರೆ ಪೀಪಿ ನನ್ನದಾಗುತ್ತಿತ್ತು ಎಂದು ನಾನು ಅಂದು ಮನಸ್ಸಿನಲ್ಲಿ ಅಂದುಕೊಂಡೆ. ಆರು ವರ್ಷದ ಕೂಸಿನ ಮನಸ್ಸು ಅದು, ಯಾರಿಗೂ ಹೇಳಿಲ್ಲ. ಈಗ ಅರವತ್ತು ದಾಟಿದ ಮೇಲೆ ಇಲ್ಲಿ ಹೇಳುತ್ತಿದ್ದೇನೆ.

ಸಂಜೆ ಕೆಲಸ ಮುಗಿಸಿ ಕೈಕಾಲು ತೊಳೆದು ಅಪ್ಪ ಪೆಟ್ಟಿಗೆ ಎಳೆದುಕೊಂಡು ಕೂರುತ್ತಿದ್ದ. ರತ್ನಿ ಎದುರಿಗೆ ಪೀಪಿ ಹಿಡಿದು. ಅವ್ವ ಬೆಳಗಿನ ಜಾವ ರಾಗಿ ಬೀಸುವಾಗ ಗುನುಗುತ್ತಿದ್ದ ಒಂದು ಮಟ್ಟು ರತ್ನಿಗೆ ಬಾಯಿಪಾಠ, ಅದನ್ನೇ ಊದುವಳು. ಅವನು ಹಿಂದೆ ಹಿಂದೆ ನುಡಿಸಿಕೊಂಡು ಬರುವನು. ಅಡುಗೆಮನೆಯಿಂದ ಅವ್ವ, "ನನ್ನ ಬೀಸೋಕಲ್ಲು ಪದಾನ ಅಪ್ಪ ಮಗಳು ಸೇರ್ಕಂಡು ಮೆರವಣಿಗೆ ಮಾಡ್ತಾವ್ರೆ" ಎಂದು ಅಣಕಿಸುತ್ತಿದ್ದಳು. ಆಗ ಅವ್ವ ಹಾಗೆ ಮಾತಾಡುವವಳು. ಮೂರು ನಾಲ್ಕು ದಿನ ನುಡಿಸಿದ ಮೇಲೆ ಒಂದು ಸಂಜೆ ರತ್ನಿ ಪೀಪಿಯನ್ನು ಬಾಯಿಂದ ತೆಗೆದು ಮುಖ ಹುಳ್ಳಗೆ ಮಾಡಿದಳು.

"ಅಪ್ಪಾ, ಇದು ಪೆಟ್ಗೆ ಜೊತೆ ಸೇರ್ತಾ ಇಲ್ಲ ಕಣಪ್ಪ. ಪಕ್ಕದಾಗೆ ನಿಂತ್ಕತದೆ."

"ಊದು, ಇನ್ನೊಂದ್ಸಲ ಊದು."

ಅವಳು ಊದಿದಳು, ಅವನು ಮನೆ ಒತ್ತಿದ. ಎರಡೂ ಒಂದೇ ಸ್ವರ. ಆದರೂ ಎರಡರ ನಡುವೆ ಕೂದಲೆಳೆಯಷ್ಟು ಸಂದು, ಕೇಳಿದರೆ ಹಲ್ಲು ಜುಮ್ಮೆನ್ನುವ ನಡುಕ. ಅಪ್ಪ ನಕ್ಕ. ತಗಡು ಅಳೆಯುವಾಗ ಮರದ ಬಾಯಿ ಕೂರುವ ಭಾಗ ಮರೆತಿದ್ದನಂತೆ, ಕೊಳವೆ ಉದ್ದವಾಗಿತ್ತು.

"ಇಳೀತು ಕಣವ್ವ ಪೀಪಿ. ಬಾಯಿ ಕಿತ್ತು, ಒಂದು ರಾಗಿಕಾಳಿನಷ್ಟು ಕುಯ್ದು ಮತ್ತೆ ಕೂರ್ಸುದ್ರೆ ದಾರಿಗೆ ಬತ್ತದೆ. ನಾಳೆ ಮಾಡ್ಕೊಡ್ತೀನಿ."

ನಾಳೆ ಎಂಬುದು ಬಡಗಿಯ ಮನೆಯಲ್ಲಿ ಬಲು ಉದ್ದದ ದಿನ. ಊರವರ ಬಾಗಿಲೆಲ್ಲ ಹೊತ್ತಿಗೆ ಸರಿಯಾಗಿ ಆಗುತ್ತವೆ, ಸ್ವಂತ ಮನೆಯ ಬಾಗಿಲಿಗೆ ಅಗುಳಿ ಇರುವುದಿಲ್ಲ. ನೊಗ ಬಂತು, ಗಾಡಿಯ ಚಕ್ರ ಬಂತು, ಪೀಪಿ ಹಾಗೇ ಉಳಿಯಿತು. ಅವರಿಬ್ಬರೂ ಪಕ್ಕಪಕ್ಕ ನಿಂತ ಆ ಸ್ವರಗಳಲ್ಲೇ ಸಂಜೆ ಸಂಜೆ ನುಡಿಸುತ್ತಿದ್ದರು. ಆಮೇಲೆ ಒಂದು ದಿನ ರತ್ನಿಗೆ ಜ್ವರ ಬಂತು. ಮಾರನೆಯ ಬೆಳಿಗ್ಗೆ ಮೈ ಹೆಂಚಿನಂತೆ ಕಾದಿತ್ತು. ಅದೇ ದಿನ ಕೆ.ಆರ್. ಪೇಟೆ ಕಡೆಯ ಒಂದು ಹಳ್ಳಿಯಲ್ಲಿ ನಾಟಕ, ಅವರ ಪೆಟ್ಟಿಗೆಯ ತಿದಿ ಹರಿದಿತ್ತು. ಅಪ್ಪ ಚೀಲ ಹೆಗಲಿಗೆ ಹಾಕಿಕೊಂಡದ್ದು, ಅವ್ವ ಚಾವಡಿಯ ಹೊಸಿಲಿಗೆ ಬಂದು ನಿಂತದ್ದು, ಎರಡೂ ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ.

"ಮಗೀಗೆ ಮೈ ಸುಡ್ತಾ ಅದೆ. ಇವತ್ತೊಂದಿನ ಓಗ್ಬ್ಯಾಡಿ."

"ಮಾತು ಕೊಟ್ಬುಟ್ಟಿವ್ನಿ ಕಣೆ. ನಾಟ್ಕ ನಿಂತೋಯ್ತದೆ. ಸಂಜೆ ಬಸ್ಸಿಗೆ ಬಂದ್ಬುಡ್ತೀನಿ."

ಅವನು ನಡುಮನೆಗೆ ಬಂದು ರತ್ನಿಯ ಹಣೆ ಮುಟ್ಟಿ, "ಬಂದ್ಮೇಲೆ ನಿನ್ ಪೀಪಿ ಸರಿ ಮಾಡ್ಕೊಡ್ತೀನಿ ಕಣವ್ವ" ಎಂದ. ಅವಳು ಪೀಪಿಯನ್ನು ಹೊದಿಕೆಯೊಳಗೆ ಹಿಡಿದುಕೊಂಡೇ ಮಲಗಿದ್ದಳು. ಸಂಜೆಯ ಬಸ್ಸಿಗೆ ಅವನು ಬರಲಿಲ್ಲ. ತಿದಿ ಹಾಕಿದ ಮೇಲೆ ಆ ಊರಿನವರು, ಸ್ವರಗಳನ್ನೂ ಒಮ್ಮೆ ನೋಡಿಬಿಡಿ ಆಚಾರ್ರೇ ಎಂದು ಕೂರಿಸಿಕೊಂಡರಂತೆ, ಬಸ್ಸು ತಪ್ಪಿತು. ಇಲ್ಲಿ ಅವ್ವ ಪಕ್ಕದ ಮನೆಯವರ ಗಾಡಿ ಕಟ್ಟಿಸಿಕೊಂಡು ರತ್ನಿಯನ್ನು ಮಡಿಲಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋದಳು. ಔಷಧ ಕೊಟ್ಟರು, ಸೂಜಿ ಚುಚ್ಚಿದರು. ಬೆಳಕು ಹರಿಯುವ ಹೊತ್ತಿಗೆ ನನ್ನ ಅಕ್ಕ ಹೋಗಿಬಿಟ್ಟಿದ್ದಳು, ಅದೇ ಗಾಡಿಯಲ್ಲಿ ಮನೆಗೆ ತಂದರು. ಅಪ್ಪ ಇದ್ದಿದ್ದರೆ ಉಳಿಯುತ್ತಿದ್ದಳೆಂದು ಯಾರೂ ಹೇಳಲಿಲ್ಲ. ಅವ್ವನೂ ಹೇಳಲಿಲ್ಲ. ಅವನು ಬೆಳಗಿನ ಬಸ್ಸಿಗೆ ಬಂದಿಳಿದು ಬೀದಿಯ ತುದಿಯಿಂದಲೇ ಜನ ಕಂಡು ಓಡಿಬಂದ. ಅವನ ಕೈಯಲ್ಲಿ ಆ ಊರಿನವರು ಕೊಟ್ಟಿದ್ದ ಬಾಳೆಹಣ್ಣಿನ ಚಿಪ್ಪು ಇತ್ತು. ಅವ್ವ ರತ್ನಿಯ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದವಳು ಅವನನ್ನು ನೋಡಿದಳು. ಅಳಲಿಲ್ಲ, ಬೈಯಲಿಲ್ಲ.

"ಪೆಟ್ಗೆ ಸರಿಯಾಯ್ತಾ?" ಎಂದು ಕೇಳಿದಳು.

ಅದು ಅವಳು ಅವನಿಗೆ ನೇರವಾಗಿ ಆಡಿದ ಕೊನೆಯ ಮಾತು. ಅಪ್ಪ ಬಾಳೆಹಣ್ಣು ಹಿಡಿದುಕೊಂಡೇ ಜಗಲಿಯ ಕೆಳಗೆ ಕುಸಿದು ಕೂತ. ಯಾರೋ ಬಂದು ಕೈಯಿಂದ ಬಿಡಿಸಿಕೊಂಡರು.

ಆಮೇಲೆ ಶುರುವಾಯಿತು ನನ್ನ ಓಡಾಟ. ಮೊದಮೊದಲು ಅದು ನನಗೆ ಆಟ. ಅವ್ವ, "ನಿಮ್ಮಪ್ಪಂಗೆ ಯೋಳು, ಮುದ್ದೆ ಆರೋಯ್ತದೆ ಅಂತ" ಅನ್ನುವಳು, ನಾನು ಕುಣಿದುಕೊಂಡು ಹೋಗಿ ಹೇಳುವೆ. "ನಿಮ್ಮವ್ವಂಗೆ ಯೋಳು, ಉಪ್ಸಾರಿಗೆ ಉಪ್ಪು ಜಾಸ್ತಿ ಆಗದೆ ಅಂತ" ಎಂದು ಅವನು. ನಾನು ತಿರುಗುವ ಮೊದಲೇ ಅಡುಗೆಮನೆಯಿಂದ, "ನಿಮ್ಮಪ್ಪಂಗೆ ಯೋಳು, ಉಪ್ಪು ಹಾಕಿದ್ದು ಅವರ ಮಗಳು ಅಂತ." ಆ ಮಗಳು ನಾನೇ. ನನ್ನ ಮೇಲಿನ ದೂರನ್ನು ನಾನೇ ಹೊತ್ತುಕೊಂಡು ಹೋಗಿ ಒಪ್ಪಿಸಬೇಕಿತ್ತು. ಬೀದಿಯ ಹೆಂಗಸರು ನಕ್ಕು, "ನಿನ್ನ ಕಾಲು ಸವೆದೋಯ್ತವೆ ಕಣೆ ಕಮಲಿ" ಅನ್ನುತ್ತಿದ್ದರು. ಬರಬರುತ್ತ ನಾನು ಮಾತನ್ನು ತಿದ್ದಲು ಕಲಿತೆ. ಸಿಟ್ಟಿನ ಮಾತು ಬಂದರೆ ನಡುಮನೆ ದಾಟುವಷ್ಟರಲ್ಲಿ ಅದರ ಮೊನೆ ಮುರಿದು ಕೊಡುತ್ತಿದ್ದೆ. ಇಬ್ಬರಿಗೂ ಅದು ಗೊತ್ತಿತ್ತು, ಇಬ್ಬರೂ ಸುಮ್ಮನಿದ್ದರು. ಮುಂದೆ ನನಗೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಸಿಕ್ಕಿತು, ಆಗಿನ್ನೂ ನಂಬರು ಕೇಳಿ ಕೈಯಾರೆ ಲೈನು ಕೂಡಿಸುವ ಕಾಲ. ಇಷ್ಟು ಬೇಗ ಎಲ್ಲಿ ಕಲಿತೆಯಮ್ಮ ಎಂದು ಮೇಲಿನವರು ಕೇಳಿದಾಗ "ಮನೇಲಿ ಸಾರ್" ಎಂದಿದ್ದೆ. ಅವರು ತಮಾಷೆ ಎಂದುಕೊಂಡರು.

ರತ್ನಿ ಹೋಗಿ ವರ್ಷ ತುಂಬಿದ ಸುಮಾರಿಗೆ, ಒಂದು ಸಂಜೆ, ಅಪ್ಪ ಚಾವಡಿಯಲ್ಲಿ ಹಲಗೆಗೆ ಕೀಸುಳಿ ಹೊಡೆದು ನುಣುಪು ಮಾಡುತ್ತಿದ್ದಾಗ ಒಳಗಿನಿಂದ ಪೀಪಿಯ ದನಿ ಕೇಳಿತು. ಅವ್ವ ಮಾಡಿನ ತೊಲೆಯ ಸಂದಿಯಲ್ಲಿ ಇಟ್ಟಿದ್ದ ಪೀಪಿಯನ್ನು ತೆಗೆದು, ಗೋಡೆಗೆ ಒರಗಿ ಕೂತು, ಕಣ್ಣು ಮುಚ್ಚಿ ಊದುತ್ತಿದ್ದಳು. ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮಗಳು ಬೆರಳಿಡುತ್ತಿದ್ದದ್ದನ್ನು ಅಡುಗೆಮನೆಯಿಂದ ನೋಡಿದ್ದೇ ವಿದ್ಯೆ. ಅದೇ ಬೀಸುವ ಕಲ್ಲಿನ ಮಟ್ಟು, ತಡವರಿಸುತ್ತ, ಉಸಿರು ಸಾಲದೆ. ಕೀಸುಳಿಯ ಸದ್ದು ನಿಂತಿತು. ಅಪ್ಪ ಕೈ ಒರೆಸಿಕೊಂಡು ಬಂದು, ವರ್ಷದಿಂದ ಮುಟ್ಟದಿದ್ದ ಪೆಟ್ಟಿಗೆಯ ಮುಚ್ಚಳ ತೆಗೆದು, ನಡುಮನೆಯ ಹೊಸಿಲ ಆಚೆ ಕೂತು ಮೆಲ್ಲಗೆ ನುಡಿಸಿದ. ಕೂಡಲಿಲ್ಲ. ಪಕ್ಕದಲ್ಲೇ ನಿಂತಿತು. ಅವ್ವ ಊದುವುದನ್ನು ನಿಲ್ಲಿಸಿದಳು. ಅಪ್ಪ ಎದ್ದು ಹೋಗಿ ಮೊಳೆಯಿಂದ ತಗಡು ಉಜ್ಜಿ ಕುಯ್ಯುವ ಚಿಕ್ಕ ಅರ ತಂದ. ಅವನು ಮಗಳಿಗೆ ಕೊಟ್ಟ ಮಾತು ಅದು, ಬಂದ ಮೇಲೆ ಸರಿ ಮಾಡಿಕೊಡುತ್ತೇನೆಂದು. ಪೀಪಿಗಾಗಿ ಕೈ ಚಾಚಿದ. ಅವ್ವ ಅರ ಕಂಡಕೂಡಲೇ ಪೀಪಿಯನ್ನು ಸೀರೆಯ ಸೊಂಟಕ್ಕೆ ಸಿಕ್ಕಿಸಿಕೊಂಡು ಎರಡೂ ಕೈ ಅಡ್ಡ ಹಿಡಿದಳು.

"ಕಮಲಿ, ನಿಮ್ಮಪ್ಪಂಗೆ ಯೋಳು. ನನ್ ಮಗೀನ ಬಾಯಿ ಮುಟ್ಟಿರೋದು ಇದು. ಇದ್ರಾಗೆ ಒಂದು ರಾಗಿಕಾಳಿನಷ್ಟೂ ಕುಯ್ಯಾಕೆ ಬುಡಾಕಿಲ್ಲ ಅಂತ."

ನಾನು ಹೊಸಿಲು ದಾಟಿ ಹೋಗಿ ಹೇಳಿದೆ. ಆ ಮಾತಿನ ಮೊನೆ ಮುರಿಯಲು ನನ್ನಿಂದ ಆಗಲಿಲ್ಲ. ಅಪ್ಪ ಅರವನ್ನು ಮತ್ತೆ ಮೊಳೆಗೆ ನೇತುಹಾಕಿದ.

ಮಾರನೆಯ ದಿನ ಅವನು ಬೇರೆ ಕೆಲಸ ಮುಟ್ಟಲಿಲ್ಲ. ಪೆಟ್ಟಿಗೆಯನ್ನು ಬಿಚ್ಚಿದ. ಅದರೊಳಗೆ ಎಪ್ಪತ್ತಕ್ಕೂ ಹೆಚ್ಚು ಸಣ್ಣ ಹಿತ್ತಾಳೆ ನಾಲಿಗೆಗಳಿರುತ್ತವೆ, ಗಾಳಿ ತಾಗಿದರೆ ಅದುರಿ ನುಡಿಯುವವು. ನಾಲಿಗೆಯ ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಅವನು ಒಂದೊಂದನ್ನೇ ಬುಡದಲ್ಲಿ ಕೆರೆಯತೊಡಗಿದ. ಸ್ವಲ್ಪ ಕೆರೆಯುವುದು, ಅವ್ವನ ಕಡೆ ನೋಡದೆ ನನ್ನ ಕಡೆ ನೋಡುವುದು. ನಾನು ಒಳಗೆ ಹೋಗಿ, "ಊದಬೇಕಂತೆ" ಎನ್ನುವುದು. ಅವ್ವ ಒಂದು ಸ್ವರ ಊದುವುದು. ಅವನು ಕೇಳಿ ಮತ್ತೆ ಕೆರೆಯುವುದು. ಹೀಗೆ ಮೂರು ದಿನ. ಪೀಪಿಯನ್ನು ತಿದ್ದಲು ಅರ್ಧ ಗಂಟೆ ಸಾಕಾಗುತ್ತಿತ್ತು. ಮೂರನೆಯ ದಿನ ನಾನು ಕೇಳಿದೆ.

"ಅಪ್ಪಾ, ಇನ್ಮೇಲೆ ಬ್ಯಾರೆಯೋರ ಪೆಟ್ಗೇನ ಯಾವುದ್ರಾಗೆ ನೋಡ್ಕಂಡು ಕೂಡುಸ್ತೀಯ?"

"ಕೂಡ್ಸಾಕಿಲ್ಲ."

"ಮತ್ತೆ ಹಳೇ ಥರಾನೇ ಕೆರೆದ್ರೆ?"

"ಕೆರೆದ ಹಿತ್ತಾಳೆ ಬೆಳೆಯಾಕಿಲ್ಲ ಕಣವ್ವ."

ಕೊನೆಯ ನಾಲಿಗೆ ಕೂರಿಸಿ, ಮುಚ್ಚಳ ಹಾಕಿ, ಮೈಮೇಲಿನ ಹಿತ್ತಾಳೆ ಪುಡಿಯನ್ನು ಟವಲಿನಿಂದ ಕೊಡವಿಕೊಂಡ. ಆಮೇಲೆ ಹೇಳಿದ.

"ನಿಮ್ಮವ್ವಂಗೆ ಯೋಳು. ಪೆಟ್ಗೆ ಸರಿಯಾಯ್ತು ಅಂತ."

ನಾನು ಹೋಗಿ ಹೇಳಿದೆ. ಅವ್ವ ಕೇಳಿದ ಪ್ರಶ್ನೆಗೆ ಅವನು ಒಂದು ವರ್ಷ ಕಳೆದು ಉತ್ತರ ಕೊಟ್ಟಿದ್ದಾನೆಂಬುದು ನನಗೆ ಆಗ ತಿಳಿಯಲಿಲ್ಲ, ಅವ್ವನಿಗೆ ತಿಳಿಯಿತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಬಂದು ಹೊಸಿಲ ಈಚೆ ಕೂತಳು, ಅವನು ಆಚೆ. ಅವಳು ಊದಿದಳು, ಅವನು ನುಡಿಸಿದ. ಪೀಪಿ ಎಲ್ಲಿ ಮುಗಿಯಿತು ಪೆಟ್ಟಿಗೆ ಎಲ್ಲಿ ಹಿಡಿಯಿತು ಎಂದು ಹೇಳಲಾಗದಂತೆ ಎರಡೂ ಕೂಡಿಕೊಂಡವು. ಇನ್ನು ಇವರು ಮಾತಾಡುತ್ತಾರೆ, ಇವತ್ತೇ ಮಾತಾಡುತ್ತಾರೆ ಎಂದು ನಾನು ಇಬ್ಬರ ಮುಖ ನೋಡುತ್ತ ಕಾದೆ. ಮಟ್ಟು ಮುಗಿಯಿತು. ಅವ್ವ ಪೀಪಿ ಒರೆಸಿ ತೊಲೆಯ ಸಂದಿಗೆ ಸಿಕ್ಕಿಸಿ, "ನಿಮ್ಮಪ್ಪಂಗೆ ಯೋಳು, ಕೈ ತೊಳ್ಕಳಾಕೆ" ಎಂದಳು.

ಅಂದಿನಿಂದ ಅದು ಮನೆಯ ವಾಡಿಕೆಯಾಯಿತು. ದೀಪ ಹಚ್ಚುವ ಮುಂಚೆ ಒಂದಷ್ಟು ಹೊತ್ತು, ಹೊಸಿಲ ಆಚೆ ಈಚೆ ಕೂತು. ಮಳೆಗಾಲದಲ್ಲಿ, ಬೇಸಿಗೆಯಲ್ಲಿ, ನಾನು ದೊಡ್ಡವಳಾದ ವರ್ಷ, ನನಗೆ ಕೆಲಸ ಸಿಕ್ಕ ವರ್ಷ. ಆಯುಧಪೂಜೆಯ ದಿನ ಮಾತ್ರ ಇಲ್ಲ. ಅಂದು ನಮ್ಮಲ್ಲಿ ಯಾವ ಸಾಮಾನನ್ನೂ ಮುಟ್ಟುವಂತಿಲ್ಲ. ಉಳಿ ಬಾಚಿ ಗರಗಸಗಳನ್ನು ತೊಳೆದು ಸಾಲಾಗಿ ಇಟ್ಟು ಅವ್ವ ಕುಂಕುಮ ಹಚ್ಚುವಳು, ಅವುಗಳ ನಡುವೆ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಪೀಪಿ. ಆ ಸಂಜೆ ಮನೆಯಲ್ಲಿ ಕೂರಲಾಗದಷ್ಟು ಮೌನ. ಬೇರೆಯವರ ಪೆಟ್ಟಿಗೆಗಳು ಬರುವುದು ನಿಂತಿತು. ಕೇಳಿಕೊಂಡು ಬಂದವರಿಗೆ ಅಪ್ಪ, "ಕಿವಿ ಹೋಯ್ತು ಕಣ್ಲಾ, ಈಗ ಆಯ್ಕಿಲ್ಲ" ಅನ್ನುತ್ತಿದ್ದ. ಅವನ ಕಿವಿಗೆ ಏನೂ ಆಗಿರಲಿಲ್ಲ. ಪೆಟ್ಟಿಗೆ ಆಚಾರಿ ಎಂಬ ಹೆಸರು ಅಳಿಸಿ ಬರೀ ಆಚಾರಿಯಾದ. ನಾನು ನಿಜ ಹೇಳಿಬಿಡುತ್ತೇನೆ, ಅವರು ನುಡಿಸುವಾಗ ನನಗೆ ಹೊಟ್ಟೆಯುರಿ. ದಿನವೆಲ್ಲ ನಾನಿಲ್ಲದೆ ಒಂದು ಮಾತು ಸಾಗದ ಮನೆಯಲ್ಲಿ, ಆ ಒಂದು ಹೊತ್ತಿನಲ್ಲಿ ನಾನು ಯಾರಿಗೂ ಬೇಕಿರಲಿಲ್ಲ. ಅದಕ್ಕೇ ಇರಬೇಕು, ಹಟಕ್ಕೆ ಬಿದ್ದು ಅಪ್ಪನ ಪಕ್ಕ ಕೂತು ಪೆಟ್ಟಿಗೆ ಕಲಿತೆ. ಪೀಪಿಯನ್ನು ಮಾತ್ರ ಎಂದೂ ಕೇಳಲಿಲ್ಲ. ಕೇಳಿದರೆ ಅವ್ವ ಕೊಡುತ್ತಿದ್ದಳೇನೋ. ನನಗೇ ಧೈರ್ಯವಿರಲಿಲ್ಲ.

ನಾನು ಆ ಮನೆ ಬಿಟ್ಟು ಹೋಗಲಿಲ್ಲ. ಮದುವೆಯಾದ ಮೇಲೆ ಗಂಡನೇ ಇಲ್ಲಿಗೆ ಬಂದರು. ನಾನು ಹೋದರೆ ಇವರಿಬ್ಬರ ಗತಿ ಏನೆಂದು ಅವರಿಗೂ ಅರ್ಥವಾಗಿತ್ತು. ಅಪ್ಪ ಹೋದದ್ದು ಒಂದು ಮಧ್ಯಾಹ್ನ, ಊಟ ಮಾಡಿ ಚಾವಡಿಯ ಕಂಬಕ್ಕೆ ಒರಗಿ ಕೂತಿದ್ದವನು ಹಾಗೆಯೇ. ಅವ್ವ ಅವನ ಕಾಲ ಹತ್ತಿರ ಕೂತು ಪಾದ ಒತ್ತುತ್ತ ಇದ್ದಳು, ತುಟಿ ಅಲುಗುತ್ತಿತ್ತು, ದನಿ ಮಾತ್ರ ಹೊರಡಲಿಲ್ಲ. ಬಂದವರೆಲ್ಲ, "ಈಗ್ಲಾದ್ರೂ ಒಂದ್ ಮಾತಾಡವ್ವ" ಎಂದರು. ಅಂಥ ಮಾತು ಹೇಳುವವರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಅವ್ವ ಪೀಪಿ ಮುಟ್ಟುವುದನ್ನು ಬಿಟ್ಟಳು. ಸಂಜೆಯಾದರೆ ಹೊಸಿಲ ಈಚೆ ಅದೇ ಜಾಗದಲ್ಲಿ ಕೂರುವಳು, ದೀಪ ಹಚ್ಚುವ ಹೊತ್ತಿಗೆ ಎದ್ದು ಹೋಗುವಳು. ಊಟ ಕಡಿಮೆಯಾಯಿತು. ನನ್ನೊಂದಿಗೂ ಮಾತು ಕಡಿಮೆಯಾಯಿತು. ಯಾರಿಗೆ ಹೇಳಬೇಕೋ ಅವರೇ ಇಲ್ಲದ ಮೇಲೆ ನನ್ನ ಕೈಯಲ್ಲಿ ಹೇಳಿಕಳಿಸುವುದು ಏನಿದ್ದೀತು?

ನಾನು ಒಂದು ಯೋಚನೆ ಮಾಡಿದೆ. ಅಪ್ಪನ ಜಾಗದಲ್ಲಿ ನಾನು ಕೂತು ಪೆಟ್ಟಿಗೆ ನುಡಿಸಿದರೆ ಅವ್ವ ಪೀಪಿ ತೆಗೆದಾಳು. ಆದರೆ ಪೆಟ್ಟಿಗೆ ಹಾಳಾಗಿತ್ತು. ಇಲಿ ತಿದಿಯ ಚರ್ಮ ತಿಂದಿತ್ತು, ಮೂರು ನಾಲ್ಕು ಮನೆಗಳು ಮೂಕವಾಗಿದ್ದವು. ಶ್ರೀರಂಗಪಟ್ಟಣದಲ್ಲಿ ಒಬ್ಬರು ಒಳ್ಳೆಯ ಕೆಲಸಗಾರರಿದ್ದಾರೆ ಎಂದು ಯಾರೋ ಹೇಳಿದರು. ಪೆಟ್ಟಿಗೆಯನ್ನು ಹಳೆಯ ಸೀರೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು, ಜಕ್ಕನಹಳ್ಳಿ ಪಾಂಡವಪುರ ದಾಟಿ ಹೋದೆ. ಹೊರಡುವಾಗ ಅವ್ವ ಬಾಗಿಲಿಗೆ ಬಂದು, "ಉಸಾರು ಕಣವ್ವ, ಕೆಳಿಕ್ ಹಾಕೀಯ" ಎಂದಳು. ಎಷ್ಟೋ ತಿಂಗಳ ಮೇಲೆ ಅವಳ ಕಣ್ಣಲ್ಲಿ ಒಂದು ಆಸೆ ಕಂಡೆ. ಆ ಆಸೆ ಕಂಡು ನನಗೆ ಮಿತಿಮೀರಿದ ಹುರುಪು ಬಂದಿತು. ಅಂಗಡಿಯವರು ಏನೇನು ಮಾಡಬೇಕು ಎಂದು ಕೇಳಿದಾಗ, ತಿದಿ ಬದಲಿಸಿ, ಮೂಕವಾದ ಮನೆಗಳನ್ನು ನೋಡಿ, ಇಷ್ಟೇ ಹೇಳಬೇಕಿತ್ತು. ಶ್ರುತಿ ಮಾತ್ರ ಮುಟ್ಟಬೇಡಿ ಎಂದು ಒಂದು ಮಾತು ಸೇರಿಸಬೇಕಿತ್ತು. ಜೀವಮಾನವೆಲ್ಲ ಮಾತು ತಲುಪಿಸಿದ ನಾನು, ಆ ಮೂರು ದಿನ ಕಣ್ಣಾರ ಕಂಡಿದ್ದ ನಾನು, ಹಿಗ್ಗಿನಲ್ಲಿ ಹೇಳಿದ್ದು ಒಂದೇ.

"ಎಲ್ಲಾ ಸರಿ ಮಾಡ್ಬುಡಿ."

ವಾರ ಬಿಟ್ಟು ಹೋದಾಗ ಅವರು ಪೆಟ್ಟಿಗೆಯನ್ನು ಥಳಥಳ ಹೊಳೆಯುವಂತೆ ಒರೆಸಿ ಇಟ್ಟಿದ್ದರು. ಕೈಯಲ್ಲಿ ಫೋನು ಹಿಡಿದು, ಒಂದೊಂದು ಮನೆ ಒತ್ತಿ, ಫೋನಿನಲ್ಲಿ ಶ್ರುತಿ ತೋರಿಸುವ ಮುಳ್ಳು ನಟ್ಟನಡುವೆ ನಿಲ್ಲುವುದನ್ನು ನನಗೆ ತೋರಿಸಿದರು.

"ಯಾರೋ ಕೆಲ್ಸ ಗೊತ್ತಿಲ್ದೋರು ಕೈ ಹಾಕಿದ್ರು ಮೇಡಂ. ಎಲ್ಲಾ ಸ್ವರಾನೂ ಇಳಿಸ್ಬುಟ್ಟವ್ರೆ. ಪೂರ್ತಿ ಏರ್ಸಿ ಕೂಡ್ಸಾಕೆ ಮೂರು ದಿವ್ಸ ಹಿಡೀತು ನನ್ಗೆ."

ನಾನು ಅಲ್ಲೇ ಸ್ಟೂಲಿನ ಮೇಲೆ ಕೂತೆ. ಮತ್ತೆ ಮೊದಲಿನ ಹಾಗೆ ಇಳಿಸಿ ಎಂದು ಅಂಗಲಾಚಿದೆ. ಆ ಮನುಷ್ಯ ಒಳ್ಳೆಯವರು, ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿದ್ದರು. ಒಂದು ನಾಲಿಗೆ ಬಿಚ್ಚಿ ಬೆಳಕಿಗೆ ಹಿಡಿದು ತೋರಿಸಿದರು. ಬುಡದಲ್ಲಿ ಅಪ್ಪ ಕೆರೆದದ್ದು, ತುದಿಯಲ್ಲಿ ಇವರು ಕೆರೆದದ್ದು. ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿತ್ತು. ಇನ್ನೊಂದು ಸಲ ಅರ ಮುಟ್ಟಿದರೆ ಮುರಿಯುತ್ತದೆ ಎಂದರು. ಯಾವುದರ ಜೊತೆ ನುಡಿಸಬೇಕು ಎಂದು ಕೇಳಿದರು. ಹೇಳಿದೆ. "ಅಷ್ಟೇನಾ? ಪೀಪೀನೇ ಒಂಚೂರು ಕುಯ್ದ್ರೆ ಆಯ್ತಲ್ಲ ಮೇಡಂ" ಎಂದು ಹಗುರಾಗಿ ನಕ್ಕರು.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಒಂದೇ ಆಸೆ ಹಿಡಿದು ಕೂತಿದ್ದೆ. ಅವ್ವನಿಗೆ ವಯಸ್ಸಾಗಿದೆ, ಕಿವಿ ಮಂದವಾಗಿದೆ, ಗೊತ್ತಾಗಲಿಕ್ಕಿಲ್ಲ. ಮನೆ ಹೊಕ್ಕಾಗ ಅವಳು ತಲೆಗೆ ಎರೆದುಕೊಂಡು, ಒಗೆದ ಸೀರೆಯುಟ್ಟು, ಹೊಸಿಲ ಈಚೆ ಕೂತಿದ್ದಳು. ಮಡಿಲಲ್ಲಿ ಪೀಪಿ. ತುಕ್ಕು ಬಿಡಿಸಿ ಕೊಬ್ಬರಿ ಎಣ್ಣೆ ಹಚ್ಚಿದ್ದಳು. "ತಂದ್ಯಾ?" ಎಂದಳು. ನಾನು ಹೊಸಿಲ ಆಚೆ, ಅಪ್ಪನ ಜಾಗದಲ್ಲಿ ಕೂತು ತಿದಿ ಒತ್ತಿದೆ. ಅವ್ವ ಊದಿದಳು. ಎರಡು ಸ್ವರ, ಮೂರು ಸ್ವರ. ಪಕ್ಕದಲ್ಲಿ ನಿಂತಿತು. ಹಲ್ಲು ಜುಮ್ಮೆನ್ನುವ ಆ ನಡುಕ, ರತ್ನಿಯ ಕಾಲದ್ದು, ಅಷ್ಟು ವರ್ಷಗಳ ಮೇಲೆ ನಡುಮನೆಗೆ ಬಂದು ನಿಂತಿತು. ಅವ್ವ ಪೀಪಿಯನ್ನು ಬಾಯಿಂದ ತೆಗೆದಳು. ನಾನು ತಲೆ ತಗ್ಗಿಸಿದೆ. ಪೆಟ್ಟಿಗೆ ಸರಿಯಾಯ್ತಾ ಎಂದು ಈಗ ಕೇಳುತ್ತಾಳೆ, ಆಮೇಲೆ ನನ್ನ ಜೊತೆಯೂ ಮಾತು ಬಿಡುತ್ತಾಳೆ ಎಂದು ಕಾದೆ. ಕೇಳಲಿಲ್ಲ. ನಾನೇ ಎಲ್ಲ ಹೇಳಿದೆ, ಅಂಗಡಿಯಲ್ಲಿ ಆಡಿದ ಮಾತು, ಆಡದೆ ಬಿಟ್ಟ ಮಾತು. ಹೇಳುತ್ತ ಹೇಳುತ್ತ ಗೊಳೋ ಎಂದು ಅತ್ತೆ. ಅಪ್ಪ ಅವಳಿಗಾಗಿ ತನ್ನ ಹೆಸರು ಕಳೆದುಕೊಂಡು ಕೂಡಿಸಿದ್ದನ್ನು ನಾನು ಒಂದು ಮಾತಿನಲ್ಲಿ ಕಳೆದಿದ್ದೆ.

ಅವ್ವ ನನ್ನ ತಲೆ ಸವರಿದಳು. ಪೀಪಿಯನ್ನು ಬಾಗಿಲ ಬೆಳಕಿಗೆ ಹಿಡಿದು ಒಂದು ಕಣ್ಣಲ್ಲಿ ಒಳಗೆ ನೋಡಿದಳು, ಸೆರಗಿನಿಂದ ಒರೆಸಿದಳು. ಆಮೇಲೆ ಅದನ್ನು ನನ್ನ ಕಡೆ ಚಾಚಿದಳು. ಮುಖ ಚಾವಡಿಯ ಕಡೆಗಿತ್ತು.

"ನಿಮ್ಮಪ್ಪಂಗೆ ಯೋಳು. ಒಂದು ರಾಗಿಕಾಳಿನಷ್ಟು ತಾನೆ. ಕುಯ್ಕಳಿ ಅಂತ."

ನಾನು ಅವಳ ಮುಖ ನೋಡಿದೆ. ಅವಳಿಗೆ ಮರವೆ ಇರಲಿಲ್ಲ, ಎಲ್ಲ ತಿಳಿದೇ ಹೇಳಿದ್ದಳು. ಪೀಪಿ ತೆಗೆದುಕೊಂಡು ಎದ್ದೆ. ಅದನ್ನು ನಾನು ಕೈಯಲ್ಲಿ ಹಿಡಿದದ್ದು ಹಲ್ಲು ಬಿದ್ದ ವರ್ಷದ ಮೇಲೆ ಅದೇ ಮೊದಲು. ಹೊಸಿಲು ದಾಟಿ ಚಾವಡಿಗೆ ಹೋದೆ. ಉಳಿ, ಬಾಚಿ, ಗರಗಸ ಅವವೇ ಮೊಳೆಗಳಲ್ಲಿದ್ದವು, ಚಿಕ್ಕ ಅರ ಅದರ ಮೊಳೆಯಲ್ಲಿತ್ತು. ಅಪ್ಪ ಒರಗುತ್ತಿದ್ದ ಕಂಬದ ಮುಂದೆ ನಿಂತು, ಒಳಗಿರುವ ಅವ್ವನಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ.

"ಅಪ್ಪಾ, ಕುಯ್ಕಳಿ ಅಂದ್ಲು ಅವ್ವ."

ಒಳಗಿಂದ ಅವ್ವನ ದನಿ ಬಂತು.

"ಯೋಳ್ದ್ಯಾ?"

"ಯೋಳ್ದೆ ಕಣವ್ವ" ಎಂದೆ.